ಮೀನು ತಿನ್ನುತ್ತಿದ್ದ ಡೈನೋಸಾರ್: ಮಕ್ಕಳಿಗೆ ಬ್ಯಾರಿಯೋನಿಕ್ಸ್ ಪರಿಚಯ ಮಾಡಿಸುವುದು ಹೇಗೆ?

ಮಕ್ಕಳಿಗೆ ಡೈನೋಸಾರ್ ಬಗ್ಗೆ ಹೇಳಿಕೊಡೋಣ ಅಂತ ಕೂತರೆ ಐದೇ ನಿಮಿಷದಲ್ಲಿ ಗೊತ್ತಾಗುತ್ತದೆ, ಹೆಸರುಗಳು ನಮಗಿಂತ ಅವರಿಗೇ ಜಾಸ್ತಿ ಗೊತ್ತು. ಯಾವುದು ದೊಡ್ಡದು, ಯಾವುದಕ್ಕೆ ಕೊಂಬು, ಯಾರ ಜೊತೆ ಜಗಳ ಬಿದ್ದರೆ ಯಾರು ಗೆಲ್ಲುತ್ತಾರೆ, ಎಲ್ಲ ಬಾಯಿಪಾಠ. ಆದರೆ "ಅದು ಮೀನು ತಿನ್ನುತ್ತಿತ್ತು ಅಂತ ನಿಂಗೆ ಹೇಗೆ ಗೊತ್ತು?" ಅಂತ ಕೇಳಿ ನೋಡಿ. "ಪುಸ್ತಕದಲ್ಲಿ ಇದೆ" ಅನ್ನುತ್ತಾರೆ. ಅಲ್ಲಿಗೆ ಮಾತು ಮುಗಿಯಿತು.

ಈ ಬರಹ ಆ ಮಾತನ್ನು ಮುಂದುವರಿಸುವುದು ಹೇಗೆ ಅನ್ನುವುದರ ಬಗ್ಗೆ. ಆರರಿಂದ ಹತ್ತು ವರ್ಷದ, ಈಗಷ್ಟೇ ತಾವಾಗಿ ಓದಲು ಶುರು ಮಾಡಿದ ಮಕ್ಕಳಿಗೆ ಇದು ಸರಿಹೋಗುತ್ತದೆ. ನಾನು ಭಾನುವಾರ ಮನೆಯ ಜಗಲಿಯಲ್ಲಿ ಓಣಿಯ ಏಳೆಂಟು ಮಕ್ಕಳನ್ನು ಕೂರಿಸಿಕೊಂಡು ಓದಿಸುತ್ತೇನೆ. ಬ್ಯಾರಿಯೋನಿಕ್ಸ್ ಪಾಠಕ್ಕೆ ನಮಗೆ ನಾಲ್ಕು ಭಾನುವಾರ ಬೇಕಾಯಿತು. ನೀವು ಎರಡರಲ್ಲಿ ಮುಗಿಸಿದರೂ ಪರವಾಗಿಲ್ಲ. ಅವಸರ ಮಾತ್ರ ಬೇಡ.

ಯಾಕೆ ಇದೇ ಡೈನೋಸಾರ್ ಅಂದರೆ, ಇದರ ಹೊಟ್ಟೆಯಿದ್ದ ಜಾಗದಲ್ಲಿ ಊಟವೇ ಸಿಕ್ಕಿದೆ. ಬಹಳಷ್ಟು ಡೈನೋಸಾರ್‌ಗಳು ಏನು ತಿನ್ನುತ್ತಿದ್ದವು ಅನ್ನುವುದನ್ನು ಹಲ್ಲು, ದವಡೆ ನೋಡಿ ಲೆಕ್ಕ ಹಾಕಬೇಕು. ಇಲ್ಲಿ ಸಾಕ್ಷಿ ಕೈಯಲ್ಲೇ ಇದೆ. ಮಕ್ಕಳಿಗೆ ಪತ್ತೇದಾರಿ ಕೆಲಸ ಕಲಿಸಲು ಇದಕ್ಕಿಂತ ಒಳ್ಳೆಯ ಪ್ರಾಣಿ ನನಗೆ ಸಿಕ್ಕಿಲ್ಲ.

ಶುರು ಮಾಡುವ ಮೊದಲು: ಚಿತ್ರ ತೋರಿಸಬೇಡಿ

ಇದು ನಾನು ಮಾಡಿದ ತಪ್ಪು, ಅದಕ್ಕೇ ಮೊದಲು ಹೇಳುತ್ತಿದ್ದೇನೆ. ಮೊದಲ ಸಲ ಒಂದು ಚಂದದ ಬಣ್ಣದ ಚಿತ್ರ ಪ್ರಿಂಟ್ ತೆಗೆಸಿ ಗೋಡೆಗೆ ಅಂಟಿಸಿದ್ದೆ. ಪಾಠವೆಲ್ಲ ಮುಗಿದ ಮೇಲೆ "ನಿಮಗೆ ಗೊತ್ತಾದದ್ದನ್ನು ಬರೆಯಿರಿ" ಅಂದರೆ ಹೆಚ್ಚುಕಡಿಮೆ ಎಲ್ಲರೂ ಬರೆದದ್ದು ಒಂದೇ ಸಾಲು: "ಅದರ ಬಣ್ಣ ಹಸಿರು." ಬ್ಯಾರಿಯೋನಿಕ್ಸ್ ಬಣ್ಣ ಯಾವುದು ಅಂತ ಯಾರಿಗೂ ಗೊತ್ತಿಲ್ಲ, ಸಿಕ್ಕಿರುವುದು ಮೂಳೆ ಮಾತ್ರ. ಆ ಹಸಿರು ಚಿತ್ರ ಬರೆದವರ ಇಷ್ಟ. ಆದರೆ ಮಕ್ಕಳ ಕಣ್ಣಿಗೆ ಚಿತ್ರ ಅಂದರೆ ಫೋಟೋ ಇದ್ದ ಹಾಗೆ. ಹಾಗಾಗಿ ಚಿತ್ರವನ್ನು ಕೊನೆಯ ದಿನಕ್ಕೆ ಇಟ್ಟುಕೊಳ್ಳಿ.

ಬೇಕಾಗುವ ಸಾಮಾನು ಜಾಸ್ತಿ ಏನಿಲ್ಲ. ದಪ್ಪ ರಟ್ಟು, ಕತ್ತರಿ, ಟೇಪು, ಹುರಿ, ಒಂದು ಬಕೆಟ್ ನೀರು, ಊಟದ ತಟ್ಟೆ, ಮರದ ಸ್ಕೇಲು, ಎರಡು ಚಮಚ, ಫೋರ್ಕು, ಸೋಪಿನ ತುಂಡು, ವಿನೆಗರ್, ಮೊಟ್ಟೆಯ ಸಿಪ್ಪೆ.

ಮೊದಲ ದಿನ: ಉಗುರು

ರಟ್ಟಿನ ಮೇಲೆ ಕುಡುಗೋಲಿನ ಹಾಗೆ ಬಾಗಿದ ಒಂದು ಉಗುರು ಬರೆಯಿರಿ. ಹೊರಗಿನ ಬಾಗಿನ ಮೇಲೆ ಹುರಿ ಇಟ್ಟು ಅಳೆದರೆ 31 ಸೆಂಟಿಮೀಟರ್ ಬರಬೇಕು. ಶಾಲೆಯ ಸ್ಕೇಲಿಗಿಂತ ಒಂದು ಸೆಂಟಿಮೀಟರ್ ಜಾಸ್ತಿ, ಅಷ್ಟೇ. ಕತ್ತರಿಸಿ ಮಕ್ಕಳ ಕೈಗೆ ಕೊಡಿ. ಹೆಸರು ಹೇಳಬೇಡಿ, ಡೈನೋಸಾರ್ ಅಂತಲೂ ಹೇಳಬೇಡಿ. "ಮಣ್ಣಿನ ಗುಂಡಿಯಲ್ಲಿ ಒಬ್ಬರಿಗೆ ಇದು ಸಿಕ್ಕಿತು. ಏನಿರಬಹುದು?" ಅಂತ ಕೇಳಿ ಸುಮ್ಮನೆ ಕೂತುಬಿಡಿ. ಕೊಂಬು, ದಂತ, ಹಲ್ಲು, ಹದ್ದಿನ ಕೊಕ್ಕು, ನಮ್ಮಲ್ಲಿ ಒಬ್ಬ "ತೆಂಗಿನಕಾಯಿ ಸುಲಿಯುವ ಕತ್ತಿ" ಅಂತಲೂ ಹೇಳಿದ. ಎಲ್ಲ ಉತ್ತರವನ್ನೂ ಒಂದು ಹಾಳೆಯ ಮೇಲೆ ಬರೆದಿಡಿ.

ಆಮೇಲೆ ಕತೆ ಹೇಳಿ. ಇದು ನಡೆದದ್ದು ಇಂಗ್ಲೆಂಡಿನಲ್ಲಿ, 1983ರ ಜನವರಿಯಲ್ಲಿ. ಸರ್ರೆ ಅನ್ನುವ ಕಡೆ ಓಕ್ಲಿ ಅಂತ ಒಂದು ಊರು. ಅದರ ಹತ್ತಿರ ಇಟ್ಟಿಗೆಗಾಗಿ ಜೇಡಿಮಣ್ಣು ಅಗೆಯುವ ದೊಡ್ಡ ಗುಂಡಿ, ಹೆಸರು ಸ್ಮೋಕ್‌ಜ್ಯಾಕ್ಸ್. ವಿಲಿಯಂ ವಾಕರ್ ಅನ್ನುವವರು ಅಲ್ಲಿ ಪಳೆಯುಳಿಕೆ ಹುಡುಕುತ್ತಿದ್ದರು. ಅವರು ವಿಜ್ಞಾನಿ ಅಲ್ಲ, ಪ್ಲಂಬರ್. ನಲ್ಲಿ, ಪೈಪು ರಿಪೇರಿ ಮಾಡುವವರು. ಕಲ್ಲು ಹುಡುಕುವುದು ಅವರ ಹವ್ಯಾಸ. (ಈ ಜಾಗದಲ್ಲಿ ಸ್ವಲ್ಪ ನಿಲ್ಲಿ. ಮಕ್ಕಳಿಗೆ ಇದು ಬಹಳ ಇಷ್ಟವಾಗುತ್ತದೆ.)

ಒಂದು ಕಲ್ಲಿನೊಳಗೆ ಅವರಿಗೆ ಉಗುರಿನ ಚೂರುಗಳು ಸಿಕ್ಕವು. ಮನೆಗೆ ತಂದು ಜೋಡಿಸಿ ನೋಡಿದರೆ ತುದಿಯೇ ಇಲ್ಲ! ಕೆಲವು ವಾರ ಬಿಟ್ಟು ಮತ್ತೆ ಅದೇ ಜಾಗಕ್ಕೆ ಹೋಗಿ, ಒಂದು ಗಂಟೆ ಹುಡುಕಿ, ಆ ತುದಿಯನ್ನೂ ತಂದರು. ಆಮೇಲೆ ಅವರ ಅಳಿಯ ಅದನ್ನು ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂಗೆ ಒಯ್ದು ತೋರಿಸಿದರು. ಅಲ್ಲಿದ್ದ ಆಲನ್ ಚಾರಿಗ್ ಮತ್ತು ಏಂಜೆಲಾ ಮಿಲ್ನರ್ ಅದನ್ನು ನೋಡಿ, ಇದು ಮಾಂಸ ತಿನ್ನುವ ಡೈನೋಸಾರ್ ಗುಂಪಿನದು ಅಂತ ಗುರುತಿಸಿದರು. ಮೇ, ಜೂನ್ ತಿಂಗಳಲ್ಲಿ ಮ್ಯೂಸಿಯಂನ ಎಂಟು ಜನ, ಜೊತೆಗೆ ಕೆಲವು ಸ್ವಯಂಸೇವಕರು ಸೇರಿ ಮೂರು ವಾರ ಅಗೆದರು. ಎರಡು ಟನ್ ಕಲ್ಲುಮಣ್ಣು ಹೊರಗೆ ಬಂತು. ಆ ಕಲ್ಲಿನಿಂದ ಮೂಳೆ ಬಿಡಿಸುವುದಕ್ಕೆ ವರ್ಷಗಳೇ ಹಿಡಿದವು.

ಕತೆ ಮುಗಿದ ಮೇಲೆ ಒಂದು ಆಟ. ರಟ್ಟಿನ ಉಗುರನ್ನು ಐದಾರು ಚೂರು ಮಾಡಿ ಮನೆಯಲ್ಲಿ ಬಚ್ಚಿಡಿ. ತುದಿಯನ್ನು ಮಾತ್ರ ಬೇರೆ ದಿನ ಸಿಗುವ ಹಾಗೆ ಇಡಿ. ಅವತ್ತು ಮಕ್ಕಳು ಉಗುರಿನ ತುದಿ ಇಲ್ಲದೆ ಮನೆಗೆ ಹೋಗಬೇಕು. ಸ್ವಲ್ಪ ಗಲಾಟೆ ಆಗುತ್ತದೆ, ಆಗಲಿ. ಮುಂದಿನ ವಾರ ಎಲ್ಲರೂ ಹೊತ್ತಿಗೆ ಮುಂಚೆಯೇ ಬರುತ್ತಾರೆ.

ದೊಡ್ಡ ಮಕ್ಕಳಿಗೆ ಇನ್ನೊಂದು ಮಾತು ಸೇರಿಸಿ. ಮಣ್ಣಿನಲ್ಲಿ ಸಿಕ್ಕಿದ್ದು ಉಗುರಿನ ಒಳಗಿನ ಮೂಳೆ. ಹಸುವಿನ ಕೊಂಬಿನ ಒಳಗೆ ಮೂಳೆ, ಹೊರಗೆ ಗಟ್ಟಿ ಕವಚ ಇರುತ್ತದಲ್ವಾ, ಇದೂ ಹಾಗೇ. ಹೊರಗಿನ ಕವಚ ಕೊಳೆತು ಹೋಗಿದೆ. ಅಂದರೆ ಬದುಕಿದ್ದಾಗ ಉಗುರು 31 ಸೆಂಟಿಮೀಟರಿಗಿಂತಲೂ ಉದ್ದ ಇತ್ತು.

ಹೆಸರು ಓದಿಸುವುದು

ಹೆಸರನ್ನು ಈಗ ಹೇಳಿ. ಬೋರ್ಡಿನ ಮೇಲೆ ಬಿಡಿಸಿ ಬರೆಯಿರಿ: ಬ್ಯಾ - ರಿ - ಯೋ - ನಿಕ್ಸ್. ಚಪ್ಪಾಳೆ ತಟ್ಟಿಕೊಂಡು ನಾಲ್ಕು ಸಲ ಓದಿಸಿ. ಒತ್ತಕ್ಷರ ಕಂಡರೆ ಹೆದರುವ ಮಕ್ಕಳೂ ಡೈನೋಸಾರ್ ಹೆಸರು ಅಂದರೆ ಹಠ ಹಿಡಿದು ಓದುತ್ತಾರೆ, ಅದೊಂದು ಲಾಭ.

ಅರ್ಥ, ಭಾರವಾದ ಉಗುರು. ಗ್ರೀಕ್ ಭಾಷೆಯಲ್ಲಿ ಬ್ಯಾರಿಸ್ ಅಂದರೆ ಭಾರ, ಓನಿಕ್ಸ್ ಅಂದರೆ ಉಗುರು. ನನಗೆ ಖುಷಿ ಕೊಟ್ಟ ಸಂಗತಿ ಏನಂದರೆ, ಬ್ಯಾರಿಸ್ ಮತ್ತು ಸಂಸ್ಕೃತದ ಗುರು ಒಂದೇ ಬೇರಿನ ಪದಗಳು. ಗುರುತ್ವಾಕರ್ಷಣೆ ಅನ್ನುವಾಗ ಬರುವ ಗುರು, ಅಂದರೆ ಭಾರ. ಓನಿಕ್ಸ್ ಕೂಡ ನಖದ ದೂರದ ನೆಂಟ. ಹಾಗಾಗಿ ನಮ್ಮ ಜಗಲಿಯಲ್ಲಿ ಇದರ ಅಡ್ಡಹೆಸರು "ಗುರುನಖ". ಒಬ್ಬ ಹುಡುಗಿ "ನಮ್ಮ ಕ್ಲಾಸ್ ಟೀಚರ್‌ಗೂ ಗುರು ಅಂತಾರಲ್ಲ, ಅವರೂ ಭಾರನಾ?" ಅಂತ ಕೇಳಿದಳು. ಉತ್ತರ ನಿಮಗೇ ಬಿಟ್ಟದ್ದು.

1986ರಲ್ಲಿ ಚಾರಿಗ್ ಮತ್ತು ಮಿಲ್ನರ್ ಕೊಟ್ಟ ಪೂರ್ತಿ ಹೆಸರು ಬ್ಯಾರಿಯೋನಿಕ್ಸ್ ವಾಕೆರಿ. ಎರಡನೇ ಪದ ಆ ಪ್ಲಂಬರ್ ವಾಕರ್ ಅವರ ನೆನಪಿಗೆ. ಹೊಸ ಪ್ರಾಣಿ ಸಿಕ್ಕರೆ ಅದಕ್ಕೆ ತಮ್ಮ ಹೆಸರು ಇಟ್ಟರೆ ಹೇಗಿರುತ್ತದೆ ಅಂತ ಮಕ್ಕಳು ಬರೆದು ನೋಡಲಿ.

ಎರಡನೇ ದಿನ: ಮೂತಿ ಮತ್ತು ಹಲ್ಲು

ಈಗ "ಇದು ಏನು ತಿನ್ನುತ್ತಿತ್ತು?" ಅನ್ನುವ ಪ್ರಶ್ನೆ ಎತ್ತಿ. ಮಾಂಸ ಅನ್ನುತ್ತಾರೆ. ಯಾವ ಮಾಂಸ? ಇಲ್ಲಿ ಎರಡು ಪ್ರಯೋಗ ಮಾಡಿಸಿ. ಎರಡೂ ಒದ್ದೆ ಕೆಲಸ, ಹೊರಗೆ ಮಾಡಿ.

ಮೊದಲನೆಯದು ಬಕೆಟ್ ಪ್ರಯೋಗ. ಊಟದ ತಟ್ಟೆಯನ್ನು ನೀರಿನೊಳಗೆ ನಿಲ್ಲಿಸಿ ಹಿಡಿದು, ಅದರ ಅಗಲದ ಮುಖ ನೀರನ್ನು ತಳ್ಳುವ ಹಾಗೆ ಜೋರಾಗಿ ಆಚೆ ಈಚೆ ಆಡಿಸಲಿ. ನೀರು ತಡೆಯುತ್ತದೆ, ಕೈ ಭಾರವಾಗುತ್ತದೆ. ಆಮೇಲೆ ಸ್ಕೇಲನ್ನು ಹಾಗೇ ಆಡಿಸಲಿ. ಸರಕ್ಕನೆ ಹೋಗುತ್ತದೆ. ನೀರಿನೊಳಗೆ ಜಾರುವ ಮೀನನ್ನು ಹಿಡಿಯಲು ಯಾವ ಥರದ ಬಾಯಿ ಬೇಕು? ಇದನ್ನು ಅವರೇ ಹೇಳಲಿ, ನೀವು ಹೇಳಬೇಡಿ.

ಈಗ ಘರಿಯಾಲ್ ಮೊಸಳೆಯ ಫೋಟೋ ತೋರಿಸಿ. ಇದು ನಮ್ಮ ದೇಶದ್ದೇ, ಚಂಬಲ್ ನದಿಯಲ್ಲಿದೆ. ರಂಗನತಿಟ್ಟಿನಲ್ಲಿ, ದಾಂಡೇಲಿಯ ಕಾಳಿ ನದಿಯಲ್ಲಿ ಮಕ್ಕಳು ನೋಡಿರಬಹುದಾದ ಮೊಸಳೆಗೆ ಅಗಲ ಮೂತಿ, ಘರಿಯಾಲ್‌ಗೆ ಕೋಲಿನಂಥ ಸಣ್ಣ ಮೂತಿ. ಅದರ ಮುಖ್ಯ ಊಟ ಮೀನು. ಮೂತಿಯನ್ನು ಪಕ್ಕಕ್ಕೆ ಬೀಸಿ ಹಿಡಿಯುತ್ತದೆ. ಬ್ಯಾರಿಯೋನಿಕ್ಸ್ ತಲೆ ಹೆಚ್ಚುಕಡಿಮೆ ಒಂದು ಮೀಟರ್ ಉದ್ದ, ಮೂತಿ ಉದ್ದ ಮತ್ತು ಕಿರಿದು, ತುದಿಯಲ್ಲಿ ಸ್ವಲ್ಪ ಅಗಲ. ಮೂಗಿನ ಹೊಳ್ಳೆ ತುದಿಯಲ್ಲಿ ಇಲ್ಲ, ಸ್ವಲ್ಪ ಹಿಂದೆ ಇದೆ. 2007ರಲ್ಲಿ ಎಮಿಲಿ ರೇಫೀಲ್ಡ್ ಮತ್ತು ಜೊತೆಗಾರರು ಈ ಮೂತಿಯನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಕಚ್ಚಿಸಿ, ಬಾಗಿಸಿ ನೋಡಿದರು. ಅದು ಒತ್ತಡ ತಡೆಯುವ ರೀತಿ ಬೇರೆ ಮಾಂಸಾಹಾರಿ ಡೈನೋಸಾರ್‌ಗಿಂತ ಘರಿಯಾಲ್‌ಗೇ ಹತ್ತಿರ ಇತ್ತು.

ಎರಡನೆಯದು ಸೋಪಿನ ಪ್ರಯೋಗ. ಒದ್ದೆ ಸೋಪಿನ ತುಂಡನ್ನು ಎರಡು ಚಮಚದ ಬೆನ್ನಿನಿಂದ ಒತ್ತಿ ಎತ್ತಲು ಹೇಳಿ. ಜಾರುತ್ತದೆ, ನಗು ಶುರುವಾಗುತ್ತದೆ. ಆಮೇಲೆ ಫೋರ್ಕಿನಿಂದ ಚುಚ್ಚಿ ಎತ್ತಲಿ. ಬ್ಯಾರಿಯೋನಿಕ್ಸ್ ಹಲ್ಲು ಫೋರ್ಕಿನ ಥರ. ಮಾಂಸ ಕುಯ್ಯುವ ಚಪ್ಪಟೆ ಚಾಕು ಅಲ್ಲ, ಚುಚ್ಚಿ ಹಿಡಿಯುವ ಮೊಳೆ. ಕೆಳದವಡೆಯ ಒಂದೊಂದು ಪಕ್ಕದಲ್ಲೂ 32 ಹಲ್ಲು, ಒಟ್ಟು 64. ಬೇರೆ ಮಾಂಸಾಹಾರಿ ಡೈನೋಸಾರ್‌ಗಳಿಗೆ ಸಾಮಾನ್ಯವಾಗಿ ಇದರ ಅರ್ಧದಷ್ಟು ಇರುತ್ತವೆ. ಮನುಷ್ಯನ ಇಡೀ ಬಾಯಿಯಲ್ಲಿ 32 ಅನ್ನುವುದನ್ನು ನೆನಪಿಸಿ. ಎಲ್ಲರೂ ತಮ್ಮ ಹಲ್ಲು ಎಣಿಸಲು ಶುರು ಮಾಡುತ್ತಾರೆ, ಬಿದ್ದ ಹಲ್ಲಿನ ಕತೆಗಳು ಬರುತ್ತವೆ. ಹತ್ತು ನಿಮಿಷ ಅದಕ್ಕೆ ಹೋಯಿತು ಅಂದುಕೊಳ್ಳಿ.

ಮೂರನೇ ದಿನ: ಹೊಟ್ಟೆ

ನನ್ನ ಪ್ರಕಾರ ಇದೇ ಪಾಠದ ಜೀವ. ಇಲ್ಲಿ ನಿಧಾನ ಮಾಡಿ.

ಇಲ್ಲಿವರೆಗಿನ ಸಾಕ್ಷಿಯೆಲ್ಲ "ಮೀನು ಹಿಡಿಯಬಲ್ಲ ಬಾಯಿ" ಅಂತ ಹೇಳುತ್ತದೆ. ಹಿಡಿಯಬಲ್ಲದು ಬೇರೆ, ಹಿಡಿದು ತಿಂದಿತು ಅನ್ನುವುದು ಬೇರೆ. ಇದನ್ನು ಮಕ್ಕಳಿಗೆ ಹೀಗೆ ಹೇಳಿ: "ರಾಜುವಿನ ಕೈಯಲ್ಲಿ ಚಮಚ ಇದೆ ಅಂದಮಾತ್ರಕ್ಕೆ ಪಾಯಸ ಖಾಲಿ ಮಾಡಿದ್ದು ಅವನೇ ಅಂತ ಹೇಳೋಕಾಗುತ್ತಾ? ಬಾಯಿ ಸುತ್ತ ಪಾಯಸ ಅಂಟಿದ್ದರೆ?" ಬ್ಯಾರಿಯೋನಿಕ್ಸ್ ಪಕ್ಕೆಲುಬಿನ ಹತ್ತಿರ, ಹೊಟ್ಟೆಯಿದ್ದ ಜಾಗದಲ್ಲಿ, ಮೀನಿನ ಹುರುಪೆಗಳು ಸಿಕ್ಕವು. ಅದೂ ಜಠರದ ಆಮ್ಲ ಮೇಲ್ಮೈಯನ್ನು ತಿಂದು ಹಾಕಿದ ಹುರುಪೆ. ಆ ಮೀನನ್ನು ಆಗ ಲೆಪಿಡೋಟಿಸ್ ಅಂತ ಕರೆದರು, ಈಗ ಶೀನ್ಸ್ಟಿಯಾ ಅನ್ನುತ್ತಾರೆ. ಅದರ ಹುರುಪೆ ನಮ್ಮ ಕೆರೆ ಮೀನಿನ ತೆಳು ಹುರುಪೆಯ ಹಾಗಲ್ಲ, ದಪ್ಪ, ಹೊಳಪಿನ ಟೈಲ್ಸ್ ತುಂಡಿನ ಹಾಗೆ.

"ಆಮ್ಲ ತಿಂದು ಹಾಕಿದೆ" ಅನ್ನುವುದು ಯಾಕೆ ಮುಖ್ಯ? ಹುರುಪೆ ಸುಮ್ನೆ ನೀರಲ್ಲಿ ತೇಲಿ ಬಂದು ಮೂಳೆಗಳ ನಡುವೆ ಸೇರಿಕೊಂಡಿದ್ದರೆ ಅದು ಹಾಗೆ ಸವೆದಿರುವುದಿಲ್ಲ. ಇದನ್ನು ತೋರಿಸಲು ಮೊಟ್ಟೆ ಸಿಪ್ಪೆಯ ಎರಡು ಚೂರು ತೆಗೆದುಕೊಳ್ಳಿ. ಒಂದನ್ನು ನೀರಿನ ಲೋಟಕ್ಕೆ, ಒಂದನ್ನು ವಿನೆಗರ್ ಲೋಟಕ್ಕೆ ಹಾಕಿ. ವಿನೆಗರ್‌ನಲ್ಲಿ ತಕ್ಷಣ ಗುಳ್ಳೆ ಏಳುತ್ತವೆ. ಮಾರನೇ ದಿನ ಎರಡನ್ನೂ ಮುಟ್ಟಿ ನೋಡಲಿ. ಮೊಟ್ಟೆ ತರದ ಮನೆಯಾದರೆ ಸಮುದ್ರದ ಚಿಪ್ಪು ಹಾಕಿ, ಸ್ವಲ್ಪ ನಿಧಾನ ಅಷ್ಟೇ. ಬೋರ್ಡಿಗೆ ಬರೆಯುವ ಸೀಮೆಸುಣ್ಣವನ್ನು ನಂಬಬೇಡಿ, ಈಗ ಸಿಗುವುದು ಹೆಚ್ಚಾಗಿ ಜಿಪ್ಸಮ್‌ನದ್ದು, ಅದರಲ್ಲಿ ಗುಳ್ಳೆ ಬರುವುದಿಲ್ಲ. ನಾನು ಮಕ್ಕಳ ಮುಂದೆ ಹಾಕಿ, ಏನೂ ಆಗದೆ ಪೆಚ್ಚಾಗಿದ್ದೇನೆ. ವಿನೆಗರ್ ಕಣ್ಣಿಗೆ ಹೋಗದ ಹಾಗೆ ನೋಡಿಕೊಳ್ಳಿ.

ಮೀನು ತಿನ್ನುವ ಮನೆಯ ಮಕ್ಕಳಿದ್ದರೆ ಅವರನ್ನೇ ಮೇಷ್ಟ್ರು ಮಾಡಿ. ಬಂಗುಡೆ, ಭೂತಾಯಿ ಸ್ವಚ್ಛ ಮಾಡುವಾಗ ಏನು ಎಸೆಯುತ್ತಾರೆ, ಏನು ಉಳಿಯುತ್ತದೆ, ಮುಳ್ಳು ಹೇಗೆ ಬಿಡಿಸುತ್ತಾರೆ ಅಂತ ಹೇಳಲಿ. ನಮ್ಮಲ್ಲಿ ಕರಾವಳಿ ಕಡೆಯ ಒಬ್ಬ ಹುಡುಗ ಅದುವರೆಗೆ ಬಾಯಿ ಬಿಟ್ಟವನಲ್ಲ, ಅವತ್ತು ಅರ್ಧ ಗಂಟೆ ಅವನದೇ ಪಾಠ.

ಈಗ ಒಂದು ತಿರುವು. ಅದೇ ಹೊಟ್ಟೆಯ ಜಾಗದಲ್ಲಿ ಇಗ್ವಾನೊಡಾನ್ ಬಳಗಕ್ಕೆ ಸೇರಿದ ಒಂದು ಮರಿ ಡೈನೋಸಾರ್‌ನ ಮೂಳೆಗಳೂ ಸಿಕ್ಕಿವೆ. ಗಿಡ ತಿನ್ನುವ ಪಾಪದ ಪ್ರಾಣಿ ಅದು. ಅಂದರೆ "ಮೀನು ತಿನ್ನುವ ಡೈನೋಸಾರ್" ಅನ್ನುವುದು ಸರಿ, "ಮೀನು ಮಾತ್ರ ತಿನ್ನುವ ಡೈನೋಸಾರ್" ಅನ್ನುವುದು ತಪ್ಪು. ಈ ಎರಡು ವಾಕ್ಯವನ್ನೂ ಬೋರ್ಡಿನ ಮೇಲೆ ಬರೆದು, "ಮಾತ್ರ" ಅನ್ನುವ ಒಂದೇ ಪದ ಏನು ಮಾಡಿತು ಅಂತ ಕೇಳಿ. ಓದು ಕಲಿಯುವ ಮಕ್ಕಳಿಗೆ ಇದು ಒಳ್ಳೆಯ ವ್ಯಾಯಾಮ. ಆ ಮರಿಯನ್ನು ಬ್ಯಾರಿಯೋನಿಕ್ಸ್ ಬೇಟೆಯಾಡಿತೋ, ಸತ್ತು ಬಿದ್ದಿದ್ದನ್ನು ತಿಂದಿತೋ? ಮೂಳೆ ಅದನ್ನು ಹೇಳುವುದಿಲ್ಲ. ಮಕ್ಕಳು ಎರಡು ಗುಂಪಾಗಿ ವಾದ ಮಾಡಲಿ.

ಉಗುರು ಯಾವುದಕ್ಕೆ? ಕರಡಿ ಪಂಜದಿಂದ ಮೀನು ಎತ್ತುವ ಹಾಗೆ ಇದೂ ನೀರಿನಿಂದ ಎತ್ತಿರಬಹುದು ಅನ್ನುವುದು ವಿಜ್ಞಾನಿಗಳ ಒಂದು ಊಹೆ. ಕೊಕ್ಕರೆಯ ಹಾಗೆ ದಡದಲ್ಲೋ ಕಡಿಮೆ ನೀರಲ್ಲೋ ನಿಂತು ಬಾಯಿ ಹಾಕಿರಬಹುದು ಅನ್ನುವುದು ಇನ್ನೊಂದು. ಗದ್ದೆಯಲ್ಲಿ ಬೆಳ್ಳಕ್ಕಿ ನಿಲ್ಲುವುದನ್ನು ನೋಡಿದ ಮಕ್ಕಳು ಎದ್ದು ನಿಂತು ಮಾಡಿ ತೋರಿಸುತ್ತಾರೆ. ಮಾಡಲು ಬಿಡಿ.

ಎಷ್ಟು ದೊಡ್ಡದು, ಯಾವಾಗ ಇತ್ತು

ಗಾತ್ರಕ್ಕೆ ಜಾಸ್ತಿ ಹೊತ್ತು ಬೇಡ. ಉದ್ದ ಸುಮಾರು 8ರಿಂದ 10 ಮೀಟರ್, ಊರಿಗೆ ಬರುವ ಬಸ್ಸಿಗಿಂತ ಸ್ವಲ್ಪ ಗಿಡ್ಡ. ತೂಕ ಒಂದೂಕಾಲು ಟನ್‌ನಿಂದ ಎರಡು ಟನ್ ನಡುವೆ ಲೆಕ್ಕ ಹಾಕಿದ್ದಾರೆ, ಆನೆಗಿಂತ ಹಗುರ. ಹುರಿ ಹಿಡಿದು ರಸ್ತೆ ಮೇಲೆ ಅಳೆದು, ಸುಣ್ಣದಲ್ಲಿ ಗೆರೆ ಎಳೆದರೆ ಆಯಿತು.

ಕಾಲದ ಲೆಕ್ಕಕ್ಕೆ ಮಾತ್ರ ಹುರಿ ಬೇಕೇ ಬೇಕು. 12 ಕೋಟಿ 50 ಲಕ್ಷ ವರ್ಷ ಅಂದರೆ ಮಕ್ಕಳಿಗೇನು, ನನಗೂ ಅರ್ಥವಾಗುವುದಿಲ್ಲ. ಒಂದು ಸೆಂಟಿಮೀಟರ್ ಅಂದರೆ ಹತ್ತು ಲಕ್ಷ ವರ್ಷ ಅಂತ ಇಟ್ಟುಕೊಳ್ಳಿ. ಹುರಿಯ ಒಂದು ತುದಿ ಇವತ್ತು. 125 ಸೆಂಟಿಮೀಟರ್ ಹತ್ತಿರ ಬ್ಯಾರಿಯೋನಿಕ್ಸ್‌ಗೆ ಒಂದು ಗಂಟು. 67ರಲ್ಲಿ ಟಿ. ರೆಕ್ಸ್‌ಗೆ ಒಂದು. 66ರಲ್ಲಿ ಹಕ್ಕಿಗಳನ್ನು ಬಿಟ್ಟು ಉಳಿದ ಡೈನೋಸಾರ್‌ಗಳೆಲ್ಲ ಮುಗಿದದ್ದಕ್ಕೆ ಒಂದು. ನಮ್ಮಂಥ ಮನುಷ್ಯರು ಬಂದದ್ದು ಇವತ್ತಿನ ತುದಿಯಿಂದ ಮೂರೇ ಮಿಲಿಮೀಟರ್ ದೂರದಲ್ಲಿ. ಬ್ಯಾರಿಯೋನಿಕ್ಸ್ ಮತ್ತು ಟಿ. ರೆಕ್ಸ್ ನಡುವೆ 58 ಸೆಂಟಿಮೀಟರ್ ಇದೆ, ಟಿ. ರೆಕ್ಸ್ ಮತ್ತು ನಮ್ಮ ನಡುವೆ ಇರುವಷ್ಟೇ ಹತ್ತಿರಹತ್ತಿರ. ಅವೆರಡೂ ಜಗಳ ಆಡಿದರೆ ಯಾರು ಗೆಲ್ಲುತ್ತಾರೆ ಅನ್ನುವ ಪ್ರಶ್ನೆ ಇಲ್ಲಿಗೆ ಬಿತ್ತು. (ಬಿತ್ತು ಅಂದುಕೊಂಡಿದ್ದೆ. ಮುಂದಿನ ವಾರ ಮತ್ತೆ ಕೇಳಿದರು.)

"ಆಗ ಕರ್ನಾಟಕ ಎಲ್ಲಿತ್ತು?" ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಭಾರತದ ನೆಲ ಆಗ ಭೂಮಿಯ ದಕ್ಷಿಣದ ಕಡೆ, ಮಡಗಾಸ್ಕರ್‌ಗೆ ಅಂಟಿಕೊಂಡಿತ್ತು. ಇಬ್ಬರೂ ಬೇರೆಯಾದ ಕಾಲದ ಗುರುತು ನಮ್ಮ ಮಲ್ಪೆಯ ಎದುರು ಸೇಂಟ್ ಮೇರೀಸ್ ದ್ವೀಪದಲ್ಲಿದೆ. ಅಲ್ಲಿನ ಕಂಬ ಕಂಬದಂಥ ಕಲ್ಲುಗಳು ಆಗಿನ ಲಾವಾ. ಹುರಿಯಲ್ಲಿ 88 ಸೆಂಟಿಮೀಟರ್ ಹತ್ತಿರ ಅದಕ್ಕೂ ಒಂದು ಗಂಟು ಹಾಕಿ. ಆ ಕಲ್ಲಿಗಿಂತಲೂ ಬ್ಯಾರಿಯೋನಿಕ್ಸ್ ಹಳೆಯದು. ಆದರೆ ಬ್ಯಾರಿಯೋನಿಕ್ಸ್ ನಮ್ಮ ಕಡೆ ಇತ್ತು ಅಂತ ಮಾತ್ರ ಬಾಯಿ ತಪ್ಪಿಯೂ ಹೇಳಬೇಡಿ.

ಸ್ಪೈನೋಸಾರಸ್ ಬಗ್ಗೆಯೂ ಕೇಳುತ್ತಾರೆ, ಬೆನ್ನ ಮೇಲೆ ಹಾಯಿ ಇರುವ ದೊಡ್ಡಣ್ಣ. ಒಂದೇ ಕುಟುಂಬ. ಈಜಿಪ್ಟಿನಲ್ಲಿ ಸಿಕ್ಕ ಅದರ ಮೊದಲ ಮೂಳೆಗಳಿಗೆ ಅರ್ನ್ಸ್ಟ್ ಸ್ಟ್ರೋಮರ್ 1915ರಲ್ಲಿ ಹೆಸರಿಟ್ಟರು, ಅವು 1944ರಲ್ಲಿ ಮ್ಯೂನಿಕ್ ಮೇಲೆ ಬಾಂಬು ಬಿದ್ದಾಗ ನಾಶವಾದವು. ಅದು ಇನ್ನೊಂದು ತಿಂಗಳ ಪಾಠ, ಇದರ ಜೊತೆ ಕಲಸಬೇಡಿ.

ನಾಲ್ಕನೇ ದಿನ: ಮಕ್ಕಳ ಪುಸ್ತಕ

ಈಗ ಬರೆಯುವ ಕೆಲಸ. ಒಬ್ಬೊಬ್ಬರಿಗೆ ಒಂದು ಹಾಳೆ, ನಡುವೆ ಗೆರೆ. ಎಡಕ್ಕೆ "ಸಿಕ್ಕಿದ್ದು", ಬಲಕ್ಕೆ "ಊಹಿಸಿದ್ದು". ಉಗುರು ಎಡಕ್ಕೆ, ಕರಡಿಯ ಹಾಗೆ ಮೀನು ಎತ್ತಿದ್ದು ಬಲಕ್ಕೆ. ಹುರುಪೆ ಎಡಕ್ಕೆ, ಬಣ್ಣ ಬಲಕ್ಕೆ. "ಮೀನು ತಿಂದಿತು" ಎಲ್ಲಿಗೆ ಅನ್ನುವಾಗ ಸ್ವಲ್ಪ ಜಗಳ ಆಗುತ್ತದೆ. ನಾನಾದರೆ ಎರಡರ ನಡುವಿನ ಗೆರೆಯ ಮೇಲೆಯೇ ಬರೆಯಲು ಹೇಳುತ್ತೇನೆ, ಎಡಕ್ಕೆ ತಾಗಿದ ಹಾಗೆ.

ಊಹೆ ಬದಲಾಗುತ್ತದೆ ಅನ್ನುವುದಕ್ಕೂ ಉದಾಹರಣೆ ಕೊಡಿ. ಇದು ನಾಲ್ಕು ಕಾಲಿನ ಮೇಲೂ ನಡೆಯುತ್ತಿತ್ತೇನೋ ಅಂತ ಚಾರಿಗ್ ಮತ್ತು ಮಿಲ್ನರ್ ಮೊದಲು ಯೋಚಿಸಿದ್ದರು. ಈಗ ಎರಡೇ ಕಾಲು ಅನ್ನುತ್ತಾರೆ. ದೊಡ್ಡವರೂ ಬಲಗಡೆ ಅಳಿಸಿ ಬರೆಯುತ್ತಾರೆ ಅಂತ ಗೊತ್ತಾದರೆ ಮಕ್ಕಳಿಗೆ ರಬ್ಬರ್ ಹಿಡಿಯಲು ನಾಚಿಕೆ ಇರುವುದಿಲ್ಲ.

ಚಿತ್ರವನ್ನು ಈಗ ತೋರಿಸಿ, ಒಂದಲ್ಲ, ಬೇರೆ ಬೇರೆಯವರು ಬರೆದ ಮೂರು ನಾಲ್ಕು. ಯಾವುದು ಎಲ್ಲದರಲ್ಲೂ ಒಂದೇ ಥರ ಇದೆ, ಯಾವುದು ಬೇರೆ ಬೇರೆ ಇದೆ ಅಂತ ಹುಡುಕಲಿ. ಉಗುರು, ಮೂತಿ ಒಂದೇ. ಬಣ್ಣ, ಪಟ್ಟೆ ಬೇರೆ ಬೇರೆ. ಆಮೇಲೆ ತಮ್ಮದನ್ನು ತಾವೇ ಬರೆಯಲಿ. ನಮ್ಮಲ್ಲಿ ನೇರಳೆ ಬಣ್ಣದ್ದು ಎರಡು, ಬೆಳ್ಳಕ್ಕಿಯ ಹಾಗೆ ಬಿಳಿಯದು ಒಂದು ಬಂತು.

ಹಾಳೆಯ ಹಿಂದುಗಡೆ "ನನ್ನ ಪ್ರಶ್ನೆ" ಅಂತ ಬರೆಸಿ, ಒಂದೇ ಒಂದು. ಉತ್ತರ ಕೊಡಲು ಹೋಗಬೇಡಿ, ದಾರದಲ್ಲಿ ಪೋಣಿಸಿ ಪುಸ್ತಕ ಮಾಡಿ. ನಮ್ಮ ಪುಸ್ತಕದ ಕೊನೆಯ ಹಾಳೆ ಒಂದನೇ ಕ್ಲಾಸಿನ ಹುಡುಗಿಯದು. ಪೆನ್ಸಿಲಿನಲ್ಲಿ, ಎರಡು ಸಲ ಅಳಿಸಿ ಬರೆದದ್ದು: "ಗಂಟಲಲ್ಲಿ ಮುಳ್ಳು ಸಿಕ್ಕಿದ್ರೆ ಅದು ಏನು ಮಾಡ್ತಿತ್ತು, ಅದಕ್ಕೆ ಅನ್ನದ ಉಂಡೆ ಯಾರು ಕೊಡ್ತಿದ್ರು?"